ಒಂದೇ ಇಂಗ್ಲಿಷ್ ಮಾತು, ಎರಡು ವಿರುದ್ಧ ಅರ್ಥ: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷ್ ಬರದೆ ಆಗುವ ಎಡವಟ್ಟು ಬೇರೆ. ಇಬ್ಬರಿಗೂ ಇಂಗ್ಲಿಷ್ ಚೆನ್ನಾಗಿ ಬಂದು, ಅದೇ ವಾಕ್ಯವನ್ನು ಒಬ್ಬರು ಹೌದು ಅಂತಲೂ ಇನ್ನೊಬ್ಬರು ಇಲ್ಲ ಅಂತಲೂ ತಿಳಿದುಕೊಳ್ಳುವುದು ಬೇರೆ. ಇಲ್ಲಿರುವ ಪ್ರಶ್ನೆಗಳು ಈ ಎರಡನೇ ಬಗೆಯವು. ಕೇಳುವವರಲ್ಲಿ ಆಫೀಸಿನವರು, ಓದುವ ಮಕ್ಕಳು, ವಿದೇಶದಲ್ಲಿ ಮಗಳ ಮನೆಗೆ ಹೋಗಿಬಂದ ಹಿರಿಯರು, ಎಲ್ಲರೂ ಇದ್ದಾರೆ. ತುಂಬಾ ಜನ ಕೊನೆಗೆ ಒಂದು ಮಾತು ಸೇರಿಸುತ್ತಾರೆ: "ನನ್ನ ಇಂಗ್ಲಿಷೇ ಸರಿ ಇಲ್ಲ ಅನ್ಸುತ್ತೆ." ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ. ಇವುಗಳಲ್ಲಿ ಹಲವು ಮಾತುಗಳು ಇಂಗ್ಲಿಷನ್ನು ಮನೆಮಾತಾಗಿ ಆಡುವವರನ್ನೇ ಎರಡು ಪಾಲು ಮಾಡಿವೆ.

"ಬುಧವಾರದ ಮೀಟಿಂಗ್ ಎರಡು ದಿನ ಮೂವ್ಡ್ ಫಾರ್ವರ್ಡ್" ಅಂತ ಮೇಲ್ ಬಂದಿದೆ. ಸೋಮವಾರ ಹೋಗಬೇಕಾ, ಶುಕ್ರವಾರ ಹೋಗಬೇಕಾ?

ಕಳಿಸಿದವರನ್ನೇ ಕೇಳಿ. ಬೇರೆ ದಾರಿ ಇಲ್ಲ.

ಇದೇ ವಾಕ್ಯ ಇಟ್ಟುಕೊಂಡು ಮನಶ್ಶಾಸ್ತ್ರಜ್ಞರು ಅಮೆರಿಕದಲ್ಲಿ ಪ್ರಯೋಗಗಳನ್ನೇ ಮಾಡಿದ್ದಾರೆ. ಸುಮ್ನೆ ಕೇಳಿದರೆ ಹೆಚ್ಚುಕಡಿಮೆ ಅರ್ಧ ಜನ ಸೋಮವಾರ ಅನ್ನುತ್ತಾರೆ, ಉಳಿದರ್ಧ ಶುಕ್ರವಾರ ಅನ್ನುತ್ತಾರೆ, ಎರಡೂ ಕಡೆಯವರಿಗೆ ತಮ್ಮ ಉತ್ತರ ಬಿಟ್ಟು ಇನ್ನೊಂದು ಇರಬಹುದು ಅನ್ನುವುದೇ ಹೊಳೆದಿರುವುದಿಲ್ಲ. ಲೆರಾ ಬೊರೊಡಿಟ್ಸ್ಕಿ ಮತ್ತು ಮೈಕೆಲ್ ರಾಮ್ಸ್ಕಾರ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಪ್ರಶ್ನೆಯನ್ನು ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದಲ್ಲೂ ಕೇಳಿದ್ದರು. ಯಾರನ್ನೋ ಕರೆದುಕೊಂಡು ಹೋಗಲು ಬಂದು ಕಾಯುತ್ತಿದ್ದವರ ಉತ್ತರ ಎರಡೂ ಕಡೆ ಹಂಚಿಹೋಗಿತ್ತು. ವಿಮಾನ ಹತ್ತಲು ಹೊರಟಿದ್ದವರು, ಅವರಿಗಿಂತಲೂ ಹೆಚ್ಚಾಗಿ ಆಗಷ್ಟೇ ಇಳಿದು ಬಂದವರು, ಶುಕ್ರವಾರ ಅಂದದ್ದು ಜಾಸ್ತಿ. ಕಾರಣ ಹೀಗೆ: ನಾವು ಕಾಲದ ದಾರಿಯಲ್ಲಿ ನಡೆದು ಹೋಗುತ್ತಿದ್ದೇವೆ ಅಂದುಕೊಂಡರೆ ಮುಂದೆ ಅಂದರೆ ಇನ್ನೂ ಆಚೆ, ಅಂದರೆ ಶುಕ್ರವಾರ. ನಾವು ನಿಂತಲ್ಲೇ ಇದ್ದೇವೆ, ದಿನಗಳೇ ನಮ್ಮ ಕಡೆ ಬರುತ್ತಿವೆ ಅಂದುಕೊಂಡರೆ ಅವುಗಳಿಗೆ ಮುಂದೆ ಅಂದರೆ ನಮಗೆ ಇನ್ನೂ ಹತ್ತಿರ, ಅಂದರೆ ಸೋಮವಾರ. ಪ್ರಯಾಣದ ಗುಂಗಿನಲ್ಲಿದ್ದವರಿಗೆ ಮೊದಲನೆಯದೇ ಸಹಜವಾಗಿ ಬಂತು.

ಕನ್ನಡದವರಿಗೆ ಇಲ್ಲಿ ಇನ್ನೊಂದು ತೊಡಕಿದೆ. ಮುಂದಿನ ವಾರ, ಮುಂದೂಡಿದರು, ಪರೀಕ್ಷೆ ಮುಂದಕ್ಕೆ ಹೋಯಿತು, ಇವೆಲ್ಲ ನಮಗೆ ತಡವಾಗುವುದನ್ನೇ ಹೇಳುತ್ತವೆ. ಹಾಗಾಗಿ ಫಾರ್ವರ್ಡ್ ಅಂದ ಕೂಡಲೇ ನಮ್ಮಲ್ಲಿ ಹಲವರ ಕಿವಿಗೆ ಶುಕ್ರವಾರವೇ ಬೀಳುತ್ತದೆ. ಆದರೆ ಮುಂಚೆ, ಮುಂಚಿತವಾಗಿ ಅನ್ನುವ ಮಾತುಗಳೂ ಅದೇ ಬುಡದಿಂದ ಬಂದವು, ಅವು ಬೇಗ ಅನ್ನುವುದನ್ನು ಹೇಳುತ್ತವೆ. ನಮ್ಮ ಭಾಷೆಯಲ್ಲೂ ಎರಡೂ ಇವೆ, ಮಾತು ಸ್ವಲ್ಪ ಬೇರೆ ಇರುವುದರಿಂದ ನಾವು ಬಚಾವ್.

ಒಂದು ಉಪಯೋಗದ ಸುಳಿವು: "ಬ್ರಿಂಗ್ ಫಾರ್ವರ್ಡ್" ಅಂದಿದ್ದರೆ, ಅದರಲ್ಲೂ ಬ್ರಿಟಿಷರು ಅಂದಿದ್ದರೆ, ಅದು ಬೇಗ ಅಂತಲೇ. "ಪುಶ್ ಬ್ಯಾಕ್", "ಪುಟ್ ಆಫ್" ಅಂದರೆ ತಡವಾಗಿ. "ಮೂವ್ ಅಪ್" ಅನ್ನುವುದನ್ನು ಅಮೆರಿಕನ್ನರು ಸಾಮಾನ್ಯವಾಗಿ ಬೇಗ ಅನ್ನುವ ಅರ್ಥದಲ್ಲಿ ಬಳಸುತ್ತಾರೆ. "ಮೂವ್ ಫಾರ್ವರ್ಡ್" ಒಂದನ್ನು ಮಾತ್ರ ಕೇಳದೆ ನಂಬಬೇಡಿ.

ಹಾಗಾದರೆ "ಪ್ರಿಪೋನ್" ಅನ್ನಬಹುದಾ? ಅದು ತಪ್ಪು ಇಂಗ್ಲಿಷ್ ಅಂತಾರಲ್ಲ?

ಭಾರತದವರ ಜೊತೆ ಧಾರಾಳವಾಗಿ ಅನ್ನಿ. ಆಕ್ಸ್‌ಫರ್ಡ್ ನಿಘಂಟಿನಲ್ಲೂ ಅದಕ್ಕೆ ಜಾಗ ಇದೆ. ಹೇಳಿದರೆ ಒಂದೇ ಅರ್ಥ ಬರುವ ಪದವನ್ನು ನಾವು ಭಾರತದವರು ಬಳಕೆಗೆ ತಂದಿದ್ದೇವೆ, ಅದಕ್ಕೆ ನಾಚಿಕೆ ಪಡುವ ಕಾರಣ ನನಗೆ ಕಾಣುವುದಿಲ್ಲ. ಹೊರದೇಶದವರಿಗೆ ಗೊತ್ತಿರದೆ ಇರಬಹುದು ಅಷ್ಟೇ, ಅವರಿಗೆ ಬರೆಯುವಾಗ ದಿನಾಂಕ ಬರೆಯಿರಿ.

"ನೆಕ್ಸ್ಟ್ ಫ್ರೈಡೇ" ಅಂದರೆ ಈ ಶುಕ್ರವಾರವಾ, ಮುಂದಿನದಾ?

ಇದಕ್ಕೂ ಒಪ್ಪಿತ ಉತ್ತರ ಇಲ್ಲ. ಇವತ್ತು ಮಂಗಳವಾರ ಅಂದುಕೊಳ್ಳಿ. ಕೆಲವರಿಗೆ ನೆಕ್ಸ್ಟ್ ಅಂದರೆ ಮೊದಲು ಸಿಗುವ ಶುಕ್ರವಾರ. ಇನ್ನು ಕೆಲವರಿಗೆ ಅದು "ದಿಸ್ ಫ್ರೈಡೇ", ನೆಕ್ಸ್ಟ್ ಅಂದರೆ ಅದರ ಆಚೆಯದು. ಕನ್ನಡದಲ್ಲೂ ಇದೇ ಜಗಳ ಇದೆ, "ಬರೋ ಶುಕ್ರವಾರ" ಅಂದರೆ ಒಂದು ಮನೆಯಲ್ಲಿ ಮೂರು ದಿನದ ನಂತರ, ಇನ್ನೊಂದು ಮನೆಯಲ್ಲಿ ಹತ್ತು ದಿನದ ನಂತರ. ಬ್ರಿಟನ್ನಿನಲ್ಲಿ "ಫ್ರೈಡೇ ವೀಕ್" ಅನ್ನುವ ಮಾತಿದೆ, ಬರುವ ಶುಕ್ರವಾರ ಆಗಿ ಮತ್ತೊಂದು ವಾರಕ್ಕೆ ಅಂತ ಅರ್ಥ. ಚೆನ್ನಾಗಿದೆ, ಆದರೆ ಅಮೆರಿಕದಲ್ಲಿ ಹೇಳಿದರೆ ಮುಖ ನೋಡುತ್ತಾರೆ.

"ಬೈ-ವೀಕ್ಲಿ" ಅಂದರೆ?

ವಾರಕ್ಕೆ ಎರಡು ಸಲ ಅಂತಲೂ ಹೌದು, ಎರಡು ವಾರಕ್ಕೊಮ್ಮೆ ಅಂತಲೂ ಹೌದು. ನಿಘಂಟುಗಳಲ್ಲೇ ಎರಡೂ ಕೊಟ್ಟಿರುತ್ತಾರೆ. ಬೈ-ಮಂತ್ಲಿ ಕೂಡ ಹಾಗೇ. ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ "ಫೋರ್ಟ್‌ನೈಟ್" ಅಮೆರಿಕದಲ್ಲಿ ಬಳಕೆ ಕಡಿಮೆ, ಹಾಗಾಗಿ "ಎವ್ರಿ ಟೂ ವೀಕ್ಸ್" ಅಂತ ಬಿಡಿಸಿ ಬರೆದರೆ ಎಲ್ಲಿಯೂ ತೊಂದರೆ ಇಲ್ಲ.

ನಮ್ಮ ಟೀಮು ಕೊಟ್ಟ ಪ್ರಸ್ತಾಪವನ್ನು "ಟೇಬಲ್ ಮಾಡೋಣ" ಅಂತ ಅಮೆರಿಕದ ಮ್ಯಾನೇಜರ್ ಅಂದರು. ಖುಷಿಪಟ್ಟೆವು. ಆಮೇಲೆ ಯಾರೂ ಅದರ ಮಾತೇ ಎತ್ತಲಿಲ್ಲ. ಏನಾಯಿತು?

ಅವರು ಅದನ್ನು ಬದಿಗಿಟ್ಟರು. ಇಂಗ್ಲಿಷ್‌ನಲ್ಲಿ ಇಷ್ಟು ಶುದ್ಧವಾಗಿ ತಿರುಗುಮುರುಗಾದ ಮಾತು ಇನ್ನೊಂದು ಸಿಗುವುದು ಕಷ್ಟ.

ಬ್ರಿಟನ್ನಿನಲ್ಲಿ ಟೇಬಲ್ ಮಾಡುವುದು ಅಂದರೆ ಚರ್ಚೆಗೆ ಎತ್ತಿಕೊಳ್ಳುವುದು, ಕಾಗದವನ್ನು ಎಲ್ಲರ ಮುಂದೆ ಮೇಜಿನ ಮೇಲೆ ಇಡುವುದು. ನಮ್ಮ ಸಂಸತ್ತು, ವಿಧಾನಸೌಧ ಎರಡೂ ಬ್ರಿಟಿಷ್ ಪದ್ಧತಿ ಹಿಡಿದು ಬಂದವು, ಹಾಗಾಗಿ "ವರದಿಯನ್ನು ಸದನದಲ್ಲಿ ಟೇಬಲ್ ಮಾಡಿದರು" ಅಂದರೆ ಮಂಡಿಸಿದರು ಅಂತ ನಮಗೆ ಚಿಕ್ಕಂದಿನಿಂದ ಗೊತ್ತು. ಅಮೆರಿಕದಲ್ಲಿ ಟೇಬಲ್ ಮಾಡುವುದು ಅಂದರೆ ಈಗ ಬೇಡ ಅಂತ ಪಕ್ಕಕ್ಕಿಡುವುದು. ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನಲ್ಲಿ "ಮೋಷನ್ ಟು ಟೇಬಲ್" ಗೆದ್ದರೆ ಆ ವಿಷಯ ಹೆಚ್ಚಾಗಿ ಅಲ್ಲಿಗೆ ಸತ್ತಂತೆಯೇ.

ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಇದರಿಂದ ದೊಡ್ಡ ಜಟಾಪಟಿಯೇ ಆಗಿತ್ತು. ಬ್ರಿಟಿಷ್ ಸೇನಾಧಿಕಾರಿಗಳು ಒಂದು ತುರ್ತು ವಿಷಯವನ್ನು ಟೇಬಲ್ ಮಾಡಬೇಕು ಅಂದರು, ಅಮೆರಿಕದ ಅಧಿಕಾರಿಗಳು ಕೂಡದು ಅಂದರು. ಆಮೇಲೆ ನೋಡಿದರೆ ಇಬ್ಬರಿಗೂ ಬೇಕಾಗಿದ್ದದ್ದು ಒಂದೇ, ವಿಷಯ ಚರ್ಚೆಗೆ ಬರಬೇಕು ಅಂತ. ಅದು ತಿಳಿಯುವಷ್ಟರಲ್ಲಿ ಉದ್ದವಾದ, ಕಹಿಯಾದ ವಾದವೇ ನಡೆದಿತ್ತು ಅಂತ ಚರ್ಚಿಲ್ ಆ ಯುದ್ಧದ ಬಗ್ಗೆ ಬರೆಯುವಾಗ ದಾಖಲಿಸಿದ್ದಾರೆ. ಜರ್ಮನಿ, ಜಪಾನ್ ವಿರುದ್ಧ ಒಟ್ಟಿಗೆ ಹೋರಾಡುತ್ತಿದ್ದವರು, ಒಂದೇ ಭಾಷೆ ಆಡುವವರು, ಅವರಿಗೇ ಹೀಗಾದರೆ ನಿಮ್ಮ ಟೀಮನ್ನು ಯಾರೂ ದೂರುವ ಹಾಗಿಲ್ಲ. ನಿಮ್ಮ ಮ್ಯಾನೇಜರಿಗೆ ಒಂದು ಮೇಲ್ ಹಾಕಿ, ಆ ಪ್ರಸ್ತಾಪವನ್ನು ಮತ್ತೆ ಯಾವಾಗ ನೋಡುತ್ತೀರಿ ಅಂತ ನೇರವಾಗಿ ಕೇಳಿ.

"ಸ್ಯಾಂಕ್ಷನ್" ಅಂದರೆ ಒಪ್ಪಿಗೆ ತಾನೇ? ಸುದ್ದಿಯಲ್ಲಿ ರಷ್ಯಾ ಮೇಲೆ ಸ್ಯಾಂಕ್ಷನ್ ಅಂತಾರಲ್ಲ?

ಎರಡೂ ಸರಿ. ಲೋನ್ ಸ್ಯಾಂಕ್ಷನ್ ಆಯಿತು ಅಂದರೆ ಮಂಜೂರಾಯಿತು. ಒಂದು ದೇಶದ ಮೇಲೆ ಸ್ಯಾಂಕ್ಷನ್ಸ್ ಹಾಕಿದರು ಅಂದರೆ ನಿರ್ಬಂಧ ಹಾಕಿದರು. ಒಂದೇ ಪದ. ಕಾನೂನಿನ ಬಲ ಕೊಡುವುದು ಅನ್ನುವ ಮೂಲ ಅರ್ಥದಿಂದ ಒಂದು ಕೊಂಬೆ ಒಪ್ಪಿಗೆಯ ಕಡೆಗೆ ಹೋಯಿತು, ಇನ್ನೊಂದು ಶಿಕ್ಷೆಯ ಕಡೆಗೆ. "ಓವರ್‌ಸೈಟ್" ಕೂಡ ಇದೇ ಜಾತಿ: ಮೇಲ್ವಿಚಾರಣೆ ಅಂತಲೂ ಆಗುತ್ತದೆ, ಕಣ್ತಪ್ಪು ಅಂತಲೂ ಆಗುತ್ತದೆ.

ನನ್ನ ಕೆಲಸ "ಕ್ವೈಟ್ ಗುಡ್" ಅಂದರು. ಹೊಗಳಿದರಾ?

ಅಂದವರು ಅಮೆರಿಕದವರಾದರೆ ಹೊಗಳಿದರು. ಬ್ರಿಟಿಷರಾದರೆ ದನಿ ಹೇಗಿತ್ತು ನೆನಪಿಸಿಕೊಳ್ಳಿ. ಅಲ್ಲಿ ಕ್ವೈಟ್ ಗುಡ್ ಅಂದರೆ ಹೆಚ್ಚಾಗಿ "ಪರವಾಗಿಲ್ಲ" ಅಷ್ಟೇ. ಅದೇ ಬ್ರಿಟಿಷರು "ಕ್ವೈಟ್ ಪರ್ಫೆಕ್ಟ್", "ಕ್ವೈಟ್ ಇಂಪಾಸಿಬಲ್" ಅಂದರೆ ಪೂರ್ತಿಯಾಗಿ, ಖಂಡಿತವಾಗಿ ಅಂತ. ಹೆಚ್ಚುಕಡಿಮೆ ಮಾಡಲು ಬರುವ ಗುಣವಾದರೆ ತುಸು ಅಂತಲೂ, ಪೂರ್ತಿ ಇಲ್ಲವೇ ಸೊನ್ನೆ ಅನ್ನುವಂಥದ್ದಾದರೆ ಸಂಪೂರ್ಣ ಅಂತಲೂ ತಿಳಿಯಿರಿ.

ಇದರ ಪಕ್ಕದಲ್ಲೇ ಇನ್ನೊಂದು ಗುಂಡಿ ಇದೆ. "ಫ್ಯೂ ಪೀಪಲ್ ಕೇಮ್" ಅಂದರೆ ಬಂದವರು ತೀರಾ ಕಡಿಮೆ. "ಎ ಫ್ಯೂ" ಅಂದರೆ ಕೆಲವರು ಬಂದರು. "ಕ್ವೈಟ್ ಎ ಫ್ಯೂ" ಅಂದರೆ ತುಂಬಾ ಜನ ಬಂದರು! ಫ್ಯೂ ಅಂದರೆ ಕಡಿಮೆ, ಅದಕ್ಕೆ ಕ್ವೈಟ್ ಸೇರಿದರೆ ಇನ್ನೂ ಕಡಿಮೆ ಇರಬೇಕು ಅಂತ ಲೆಕ್ಕ ಹಾಕಿದವರೆಲ್ಲ ಇಲ್ಲಿ ಬೀಳುತ್ತಾರೆ. ಇದನ್ನು ಬಿಡಿಸಿ ನೋಡದೆ ಇಡಿಯಾಗಿ ಕಲಿತುಬಿಡಿ.

ಬ್ರಿಟಿಷ್ ಕ್ಲೈಂಟ್ ಯಾವಾಗಲೂ ಮೆತ್ತಗೆ ಮಾತಾಡುತ್ತಾರೆ. ಅವರಿಗೆ ನಿಜವಾಗಿ ಕೋಪ ಬಂದಿದೆಯೋ ಇಲ್ಲವೋ ಹೇಗೆ ಗೊತ್ತಾಗುತ್ತದೆ?

ಅವರ ಮಾತನ್ನು ಒಂದೆರಡು ಮೆಟ್ಟಿಲು ಏರಿಸಿ ಕೇಳಿಸಿಕೊಳ್ಳಿ. "ಎ ಬಿಟ್ ಡಿಸಪಾಯಿಂಟೆಡ್" ಅಂದರೆ ಬಹಳ ಬೇಸರವಾಗಿದೆ ಅಂತಿರಬಹುದು. "ವಿತ್ ರೆಸ್ಪೆಕ್ಟ್" ಅಂತ ಶುರು ಮಾಡಿದರೆ ಮುಂದೆ ಬರುವುದು ಗೌರವ ಆಗಿರುವುದಿಲ್ಲ, ನಿಮ್ಮ ಮಾತು ತಪ್ಪು ಅನ್ನುವುದೇ ಆಗಿರುತ್ತದೆ. "ನಾಟ್ ಬ್ಯಾಡ್" ಮಾತ್ರ ಉಲ್ಟಾ, ಎಷ್ಟೋ ಸಲ ಅದು ನಿಜವಾದ ಮೆಚ್ಚುಗೆ.

ಇದರಿಂದ ಪ್ರಾಣವೇ ಹೋದ ಕಥೆ ಇದೆ. 1951ರ ಏಪ್ರಿಲ್, ಕೊರಿಯಾ ಯುದ್ಧ. ಇಮ್ಜಿನ್ ನದಿಯ ಹತ್ತಿರ ಗ್ಲಾಸ್ಟರ್‌ಶೈರ್ ರೆಜಿಮೆಂಟಿನ ಒಂದು ಬೆಟಾಲಿಯನ್ನನ್ನು ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದಾದ ಚೀನಾ ಪಡೆ ಸುತ್ತುವರಿದಿತ್ತು. ಬ್ರಿಟಿಷ್ ಬ್ರಿಗೇಡಿಯರ್ ಟಾಮ್ ಬ್ರೋಡಿ ತನ್ನ ಮೇಲಧಿಕಾರಿಯಾದ ಅಮೆರಿಕದ ಜನರಲ್ ರಾಬರ್ಟ್ ಸೋಲ್ ಅವರಿಗೆ ಪರಿಸ್ಥಿತಿ "ಎ ಬಿಟ್ ಸ್ಟಿಕಿ" ಅಂತ ತಿಳಿಸಿದರು. ಇನ್ನೊಬ್ಬ ಬ್ರಿಟಿಷನ ಕಿವಿಗೆ ಅದು "ಕೈಮೀರಿದೆ, ಕೂಡಲೇ ಏನಾದರೂ ಮಾಡಿ" ಅಂತ ಕೇಳಿಸುತ್ತಿತ್ತು. ಅಮೆರಿಕದವರಿಗೆ ಸ್ವಲ್ಪ ಕಷ್ಟ ಇದೆ, ತಡೆದುಕೊಂಡಿದ್ದಾರೆ ಅಂತ ಕೇಳಿಸಿತು. ಹಿಂದೆ ಸರಿಯುವ ಆದೇಶವಾಗಲಿ ಸಾಕಷ್ಟು ನೆರವಾಗಲಿ ಸಮಯಕ್ಕೆ ತಲುಪಲಿಲ್ಲ. ಬೆಟಾಲಿಯನ್ನಿನ ಬಹುಪಾಲು ಸೈನಿಕರು ಸತ್ತರು ಇಲ್ಲವೇ ಸೆರೆಯಾದರು. ಯುದ್ಧದ ಫಲಿತಾಂಶಕ್ಕೆ ಒಂದೇ ಮಾತು ಕಾರಣ ಅನ್ನುವುದು ಅತಿಯಾದೀತು, ಆದರೆ ಸಭ್ಯತೆಗಾಗಿ ಕಷ್ಟವನ್ನು ಸಣ್ಣದು ಮಾಡಿ ಹೇಳುವ ಅಭ್ಯಾಸ ಅಪಾಯದ ಹೊತ್ತಿನಲ್ಲಿ ಎಷ್ಟು ಕೆಟ್ಟದ್ದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಆಸ್ಪತ್ರೆಯಲ್ಲಿ, ಫ್ಯಾಕ್ಟರಿಯಲ್ಲಿ, ಸರ್ವರ್ ಬಿದ್ದ ರಾತ್ರಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಬಸ್ಸಿನಲ್ಲಿ ಒಬ್ಬರು "ಡು ಯು ಮೈಂಡ್ ಇಫ್ ಐ ಸಿಟ್ ಹಿಯರ್?" ಅಂದರು. ನಾನು "ಯೆಸ್, ಯೆಸ್" ಅಂದೆ. ಅವರು ಬೇರೆ ಕಡೆ ಹೋಗಿ ಕೂತರು. ಯಾಕೆ?

ಅವರು ಕೇಳಿದ್ದು "ನಾನು ಇಲ್ಲಿ ಕೂತರೆ ನಿಮಗೆ ತೊಂದರೆಯಾ?" ಅಂತ. ನೀವು ಹೌದು, ತೊಂದರೆ ಅಂದ ಹಾಗಾಯಿತು. ಕೂತುಕೊಳ್ಳಿ ಅನ್ನಬೇಕಾದರೆ "ನೋ" ಅಥವಾ "ನಾಟ್ ಅಟ್ ಆಲ್" ಅನ್ನಬೇಕು. ಇಂಗ್ಲಿಷರಲ್ಲೂ ಎಷ್ಟೋ ಜನ ಪ್ರಶ್ನೆಯ ಅಕ್ಷರ ಬಿಟ್ಟು ಆಶಯಕ್ಕೆ ಉತ್ತರ ಕೊಟ್ಟು "ಶೂರ್, ಗೋ ಅಹೆಡ್" ಅನ್ನುತ್ತಾರೆ, ಅದು ನಡೆಯುತ್ತದೆ, ಯಾಕಂದರೆ ಬಾಲದಲ್ಲಿ "ಗೋ ಅಹೆಡ್" ಇದೆ. ಬರೀ ಯೆಸ್ ಅಂದು ನಿಲ್ಲಿಸಿದಾಗಲೇ ಕೆಡುವುದು. ಜೊತೆಗೆ ಬ್ಯಾಗ್ ಎತ್ತಿ ಜಾಗ ಮಾಡಿಕೊಟ್ಟರೆ ಯಾವ ಭಾಷೆಯೂ ಬೇಕಾಗಿಲ್ಲ.

ಇದರ ಅಣ್ಣ ಇನ್ನೊಂದಿದೆ, ಅದು ಇನ್ನೂ ಜಾಸ್ತಿ ಕಾಡುತ್ತದೆ. "ಡಿಡಂಟ್ ಯು ಗೆಟ್ ಮೈ ಮೇಲ್?" ಅಂತ ಕೇಳುತ್ತಾರೆ. ಕನ್ನಡದಲ್ಲಿ "ಮೇಲ್ ಬಂದಿಲ್ವಾ?" ಅಂದರೆ "ಹೌದು, ಬಂದಿಲ್ಲ" ಅನ್ನುತ್ತೇವೆ. ನಮ್ಮ ಹೌದು ಕೇಳಿದವರ ಮಾತನ್ನು ಒಪ್ಪುತ್ತದೆ. ಇಂಗ್ಲಿಷ್‌ನ ಯೆಸ್ ಹಾಗಲ್ಲ, ಅದು ನಡೆದ ಸಂಗತಿಯ ಕಡೆ ನೋಡುತ್ತದೆ: ಬಂದಿದ್ದರೆ ಯೆಸ್, ಬಂದಿಲ್ಲದಿದ್ದರೆ ನೋ, ಪ್ರಶ್ನೆ ಹೇಗೇ ಇರಲಿ. ಜಪಾನಿ ಭಾಷೆಯೂ ಈ ವಿಷಯದಲ್ಲಿ ನಮ್ಮ ಹಾಗೇ, ಅಲ್ಲಿಯವರೂ ಇಂಗ್ಲಿಷ್ ಕಲಿಯುವಾಗ ಇಲ್ಲೇ ತಡವರಿಸುತ್ತಾರೆ. ಸಂದರ್ಶನ, ವೀಸಾ ಕೌಂಟರ್, ಡಾಕ್ಟರ ಪ್ರಶ್ನೆ, ಇಂಥ ಕಡೆ ಬರೀ ಯೆಸ್ ಅಥವಾ ನೋ ಹೇಳಬೇಡಿ. "ಯೆಸ್, ಐ ಗಾಟ್ ಇಟ್", "ನೋ, ಐ ಡಿಡಂಟ್" ಅಂತ ಪೂರ್ತಿ ಹೇಳಿ. "ನಿಮಗೆ ಯಾವ ಅಲರ್ಜಿಯೂ ಇಲ್ಲ ಅಲ್ವಾ?" ಅಂತ ನರ್ಸ್ ಇಂಗ್ಲಿಷ್‌ನಲ್ಲಿ ಕೇಳಿದಾಗ ಒಂದೇ ಪದದ ಉತ್ತರ ಕೊಡುವುದು ನಿಜಕ್ಕೂ ಬೇಡ.

ಮಗಳ ಮನೆಯಲ್ಲಿ ಅಳಿಯನ ಗೆಳೆಯರಿಗೆ ಇನ್ನೊಂದು ದೋಸೆ ಹಾಕಲಾ ಅಂತ ಕೇಳಿದರೆ "ಐ ಆಮ್ ಗುಡ್" ಅಂದರು. ಹಾಕಬೇಕಿತ್ತಾ?

ಬೇಡ ಅಂದರು ಅಮ್ಮ. ನನಗೆ ಸಾಕು, ನಾನು ಆರಾಮಾಗಿದ್ದೇನೆ ಅಂತ. "ಐ ಆಮ್ ಫೈನ್" ಕೂಡ ಅದೇ. ನಮ್ಮಲ್ಲಿ ಮೊದಲ ಸಲ ಬೇಡ ಅನ್ನುವುದು ಮರ್ಯಾದೆ, ಎರಡನೇ ಸಲ ಬಡಿಸುವುದು ಉಪಚಾರ. ಅಲ್ಲಿ ಹೆಚ್ಚಿನವರು ಒಂದೇ ಸಲ ಹೇಳಿ ಮುಗಿಸುತ್ತಾರೆ. ಅದೇ ರೀತಿ ನೀವು ಅವರ ಮನೆಗೆ ಹೋದಾಗ ಸಂಕೋಚಕ್ಕೆ ಒಂದು ಸಲ "ನೋ ಥ್ಯಾಂಕ್ಸ್" ಅಂದರೆ ಅವರು ಎರಡನೇ ಸಲ ಕೇಳದೆ ಇರಬಹುದು. ಹಸಿವಾಗಿದ್ದರೆ ಮೊದಲೇ ಹಾಕಿಸಿಕೊಳ್ಳಿ.

"ಐ ಕುಡಂಟ್ ಅಗ್ರೀ ಮೋರ್" ಅಂದರೆ ಇನ್ನು ಮೇಲೆ ಒಪ್ಪಲ್ಲ ಅಂತಾನಾ?

ಪೂರ್ತಿ ಒಪ್ಪಿದೆ ಅಂತ. ಇದಕ್ಕಿಂತ ಜಾಸ್ತಿ ಒಪ್ಪಲು ಸಾಧ್ಯವೇ ಇಲ್ಲ, ಅಷ್ಟು ಒಪ್ಪಿದ್ದೇನೆ. "ಕುಡಂಟ್ ಬಿ ಬೆಟರ್" ಅಂದರೆ ಇದಕ್ಕಿಂತ ಚೆನ್ನಾಗಿರಲು ಸಾಧ್ಯವಿಲ್ಲ. "ಯು ಕಾಂಟ್ ಬಿ ಟೂ ಕೇರ್‌ಫುಲ್" ಅಂದರೆ ಎಷ್ಟು ಹುಷಾರಾಗಿದ್ದರೂ ಅತಿ ಆಗುವುದಿಲ್ಲ. ಇದನ್ನು ಅತಿಯಾಗಿ ಹುಷಾರಾಗಿರಬೇಡ ಅಂತ ಅರ್ಥ ಮಾಡಿಕೊಂಡವರು ನನಗೇ ಹಲವರು ಸಿಕ್ಕಿದ್ದಾರೆ.

ಹಾಗಾದರೆ "ಐ ಕುಡ್ ಕೇರ್ ಲೆಸ್" ಅಂದರೆ ಸ್ವಲ್ಪ ಕಾಳಜಿ ಇದೆ ಅಂತ ತಾನೇ?

ಅಕ್ಷರಕ್ಕೆ ಹಾಗೇ. ಬಳಕೆಯಲ್ಲಿ ಅಲ್ಲ. ಮೊದಲು ಇದ್ದದ್ದು "ಕುಡಂಟ್ ಕೇರ್ ಲೆಸ್", ನನಗೆ ಚೂರೂ ಲೆಕ್ಕಕ್ಕಿಲ್ಲ ಅಂತ, ಬ್ರಿಟನ್ನಿನಿಂದ ಬಂದದ್ದು. ಅಮೆರಿಕದಲ್ಲಿ ಕಳೆದ ಶತಮಾನದ ಮಧ್ಯದ ಹೊತ್ತಿಗೆ ಅದರ "ನಾಟ್" ಉದುರಿತು, ಅರ್ಥ ಮಾತ್ರ ಹಾಗೇ ಉಳಿಯಿತು. ಆಡುವವರಿಗೆ ಅದರಲ್ಲಿ ಗೊಂದಲ ಇಲ್ಲ, ಕೇಳುವ ಬ್ರಿಟಿಷರಿಗೆ ಸಿಟ್ಟು ಬರುತ್ತದೆ. ನೀವು ಬರೆಯುವಾಗ ನಾಟ್ ಇರುವುದನ್ನೇ ಬರೆಯಿರಿ.

ಸರಿಯಾಗಿ ಓದಿದರೂ ಎಲ್ಲರೂ ತಪ್ಪು ತಿಳಿಯುವ ವಾಕ್ಯ ಇದೆಯಾ?

ಇದೆ, ನನಗೆ ಬಹಳ ಇಷ್ಟವಾದದ್ದು: "ನೋ ಹೆಡ್ ಇಂಜುರಿ ಈಸ್ ಟೂ ಟ್ರಿವಿಯಲ್ ಟು ಬಿ ಇಗ್ನೋರ್ಡ್." ಓದಿದವರೆಲ್ಲ, ತಲೆಗೆ ಎಷ್ಟೇ ಸಣ್ಣ ಪೆಟ್ಟು ಬಿದ್ದರೂ ನಿರ್ಲಕ್ಷಿಸಬೇಡಿ ಅಂತ ಅರ್ಥ ಮಾಡುತ್ತಾರೆ. ಈಗ ಇದೇ ಅಚ್ಚಿನ ಇನ್ನೊಂದು ವಾಕ್ಯ ನೋಡಿ: "ನೋ ಮಿಸೈಲ್ ಈಸ್ ಟೂ ಸ್ಮಾಲ್ ಟು ಬಿ ಬ್ಯಾನ್ಡ್." ಎಷ್ಟೇ ಸಣ್ಣ ಕ್ಷಿಪಣಿಯಾದರೂ ನಿಷೇಧಿಸಬೇಕು ಅಂತ. ಅದೇ ಲೆಕ್ಕದಲ್ಲಿ ಮೊದಲನೆಯದರ ಅರ್ಥ, ಎಷ್ಟೇ ಸಣ್ಣ ಪೆಟ್ಟಾದರೂ ನಿರ್ಲಕ್ಷಿಸಬೇಕು! ಮನಶ್ಶಾಸ್ತ್ರಜ್ಞರಾದ ಪೀಟರ್ ವೇಸನ್ ಮತ್ತು ಶುಲಿ ರೈಕ್ 1979ರಲ್ಲಿ ಇದರ ಬಗ್ಗೆ ಬರೆದರು. ವಾಕ್ಯದಲ್ಲಿ ಇಲ್ಲ ಅನ್ನುವ ಅಂಶ ಎರಡು ಮೂರು ಕಡೆ ಅಡಗಿದ್ದರೆ ನಮ್ಮ ಮನಸ್ಸು ಲೆಕ್ಕ ಹಾಕುವುದನ್ನು ಬಿಟ್ಟು, ಲೋಕದಲ್ಲಿ ಯಾವುದು ಸರಿಯೋ ಅದನ್ನೇ ಅರ್ಥ ಅಂತ ಒಪ್ಪಿಬಿಡುತ್ತದೆ. ಎರಡು ಸಲ ಓದಿದರೂ ನಂಬಿಕೆ ಬರದಿದ್ದರೆ ಬೇಸರ ಬೇಡ, ವಿವರಿಸಿದ ಮೇಲೂ ಹಲವರು ಒಪ್ಪುವುದಿಲ್ಲ.

"ನೋ ಕ್ವೆಶ್ಚನ್" ಅಂದರೆ ಖಂಡಿತಾನಾ, ಸಾಧ್ಯವೇ ಇಲ್ಲ ಅಂತಾನಾ?

ಅದಾದ ಮೇಲೆ ಬರುವ ಸಣ್ಣ ಪದ ನೋಡಿ. "ದೇರ್ ಈಸ್ ನೋ ಕ್ವೆಶ್ಚನ್ ದಟ್ ಹಿ ವಿಲ್ ರಿಸೈನ್" ಅಂದರೆ ರಾಜೀನಾಮೆ ಕೊಡುವುದು ಖಂಡಿತ. "ನೋ ಕ್ವೆಶ್ಚನ್ ಆಫ್ ಹಿಸ್ ರಿಸೈನಿಂಗ್" ಅಂದರೆ ರಾಜೀನಾಮೆಯ ಮಾತೇ ಇಲ್ಲ. ನಮ್ಮ "ಪ್ರಶ್ನೆಯೇ ಇಲ್ಲ" ಎರಡನೆಯದರ ಜೊತೆ ಹೋಗುತ್ತದೆ. ದಟ್ ಮತ್ತು ಆಫ್ ನಡುವೆ ಒಬ್ಬರ ಕೆಲಸವೇ ಇದೆ, ಹಾಗಾಗಿ ಸುದ್ದಿ ಅನುವಾದ ಮಾಡುವವರು ಇಲ್ಲಿ ನಿಧಾನಿಸಬೇಕು.

"ಐ ಡೌಟ್ ಹಿ ಈಸ್ ದ ಥೀಫ್" ಅಂದೆ. ಅವನೇ ಕಳ್ಳ ಇರಬೇಕು ಅನ್ನುವುದು ನನ್ನ ಅರ್ಥ. ಎದುರಿನವರು ಅವನು ಕಳ್ಳ ಅಲ್ಲ ಅಂತ ತಿಳಿದರು. ಯಾರು ಸರಿ?

ಈಗಿನ ಇಂಗ್ಲಿಷ್ ಪ್ರಕಾರ ಅವರು ಸರಿ. ಡೌಟ್ ಅಂದರೆ ಹಾಗಿರಲಿಕ್ಕಿಲ್ಲ ಅನ್ನುವುದು. ನೀವು ಹೇಳಬೇಕಾಗಿದ್ದದ್ದು "ಸಸ್ಪೆಕ್ಟ್". ಆದರೆ ನಿಮಗೆ ಹಾಗೆ ಬಂದದ್ದು ಎಲ್ಲಿಂದ ಅನ್ನುವುದು ಸ್ಪಷ್ಟ. ಕನ್ನಡದ ಅನುಮಾನ ಎರಡೂ ಕೆಲಸ ಮಾಡುತ್ತದೆ. "ಅವನೇ ಕದ್ದಿದ್ದು ಅಂತ ನನಗೆ ಅನುಮಾನ" ಅಂದರೆ ಕದ್ದಿದ್ದಾನೆ. "ಅವನು ಬರೋದು ಅನುಮಾನ" ಅಂದರೆ ಬರುವುದಿಲ್ಲ. ವಾಕ್ಯ ಕಟ್ಟುವ ಬಗೆಯಿಂದಲೇ ನಮಗೆ ಯಾವುದು ಅಂತ ಗೊತ್ತಾಗುತ್ತದೆ, ಯೋಚನೆ ಕೂಡ ಮಾಡುವುದಿಲ್ಲ. ಸ್ಕಾಟ್ಲೆಂಡಿನ ಮಾತಿನಲ್ಲೂ ಇದು ಉಳಿದಿದೆ. ಅಲ್ಲಿಯ ಹಿರಿಯರು ಮಳೆ ಬರುವುದನ್ನು ಡೌಟ್ ಮಾಡುತ್ತೇನೆ ಅಂದರೆ ಕೊಡೆ ತಗೊಳ್ಳಿ, ಮಳೆ ಬರುತ್ತದೆ ಅಂತ ಅರ್ಥ.

ಇನ್ನು ಕ್ಲಾಸಿನಲ್ಲಿ "ಸರ್, ಐ ಹ್ಯಾವ್ ಎ ಡೌಟ್" ಅನ್ನುತ್ತೇವಲ್ಲ, ಅದು ಇಲ್ಲಿ ಪ್ರಶ್ನೆ ಅಂತ. ಹೊರಗಿನ ಪ್ರೊಫೆಸರಿಗೆ ತಮ್ಮ ಮಾತಿನಲ್ಲಿ ನಿಮಗೆ ನಂಬಿಕೆ ಇಲ್ಲ ಅಂತ ಕೇಳಿಸಬಹುದು. "ಕ್ವೆಶ್ಚನ್" ಅಂದುಬಿಡಿ.

"ಅಲಾರ್ಮ್ ವೆಂಟ್ ಆಫ್" ಅಂದರೆ ನಿಂತಿತು ಅಂತ ತಾನೇ?

ಹೊಡೆದುಕೊಂಡಿತು ಅಂತ. ಕರೆಂಟು, ಲೈಟು ವೆಂಟ್ ಆಫ್ ಅಂದರೆ ಹೋಯಿತು. ಬಾಂಬು ವೆಂಟ್ ಆಫ್ ಅಂದರೆ ಸಿಡಿಯಿತು. ಬ್ರಿಟನ್ನಿನಲ್ಲಿ ಹಾಲು ಗಾನ್ ಆಫ್ ಅಂದರೆ ಕೆಟ್ಟಿತು. ಫೈರ್ ಅಲಾರ್ಮ್ ವಿಷಯದಲ್ಲಂತೂ ಇದು ಗೊತ್ತಿರಲೇಬೇಕು: ಹಾಗೆ ಅಂದರೆ ಎದ್ದು ಹೊರಗೆ ಹೋಗಿ.

ಇದೇ ಸಾಲಿನಲ್ಲಿ "ಟರ್ನ್ ಅಪ್ ದಿ ಏಸಿ" ಕೂಡ ಇದೆ. ತಣ್ಣಗೆ ಜಾಸ್ತಿ ಮಾಡುವುದಾ, 20 ಇದ್ದದ್ದನ್ನು 24 ಮಾಡುವುದಾ? ಎರಡೂ ಅರ್ಥದಲ್ಲಿ ಬಳಸುತ್ತಾರೆ. "ಏಸಿ ಜಾಸ್ತಿ ಮಾಡಿ" ಅನ್ನುವ ನಮ್ಮ ಕನ್ನಡಕ್ಕೂ ಇದೇ ಗತಿ. ಚಳಿ ಆಗುತ್ತಿದೆ, ಸೆಕೆ ಆಗುತ್ತಿದೆ ಅನ್ನಿ, ಮಿಕ್ಕದ್ದು ಅವರೇ ಮಾಡುತ್ತಾರೆ.

"ಇಟ್ಸ್ ಆಲ್ ಡೌನ್‌ಹಿಲ್ ಫ್ರಮ್ ಹಿಯರ್" ಅಂದರೆ ಇನ್ನು ಸುಲಭ ಅಂತಾನಾ, ಇನ್ನು ಹಾಳಾಗುತ್ತದೆ ಅಂತಾನಾ?

ಎರಡೂ ಸರಿ, ಎರಡೂ ಬಳಕೆಯಲ್ಲಿವೆ. ಸೈಕಲ್ ತುಳಿಯುವವನಿಗೆ ಇಳಿಜಾರು ಸುಖ, ಮಾರ್ಕಿನ ಗ್ರಾಫ್ ನೋಡುವವನಿಗೆ ಇಳಿಜಾರು ಸಂಕಟ. "ಸ್ಟೀಪ್ ಲರ್ನಿಂಗ್ ಕರ್ವ್" ಇದರ ತಿರುವು. ಮನಶ್ಶಾಸ್ತ್ರದವರು ಬರೆಯುವ ಗ್ರಾಫಿನಲ್ಲಿ ಅಡ್ಡಕ್ಕೆ ಸಮಯ, ನೆಟ್ಟಗೆ ಕಲಿತದ್ದು. ಗೆರೆ ಕಡಿದಾಗಿ ಏರಿದರೆ ಬೇಗ ಕಲಿತರು ಅಂತ ಅರ್ಥ. ಜನರ ಬಾಯಲ್ಲಿ ಕಡಿದು ಅಂದರೆ ಗುಡ್ಡ, ಗುಡ್ಡ ಅಂದರೆ ಕಷ್ಟ, ಹಾಗಾಗಿ ಈಗ ಅದು ಕಲಿಯಲು ಕಷ್ಟ ಅಂತಲೇ ಆಗಿದೆ. ನೀವು ಜನರ ಜೊತೆಗೇ ಇರಿ.

"ರೋಲಿಂಗ್ ಸ್ಟೋನ್ ಗ್ಯಾದರ್ಸ್ ನೋ ಮಾಸ್" ಗಾದೆ ತಿರುಗಾಡುವವರನ್ನು ಹೊಗಳುತ್ತದೋ ತೆಗಳುತ್ತದೋ?

ಹಳಬರಿಗೆ ತೆಗಳಿಕೆ. 1546ರಲ್ಲಿ ಜಾನ್ ಹೇವುಡ್ ಮಾಡಿದ ಗಾದೆಗಳ ಸಂಗ್ರಹದಲ್ಲೇ ಇದು ಇದೆ. ಒಂದು ಕಡೆ ನಿಲ್ಲದವನಿಗೆ ಆಸ್ತಿ, ನೆಲೆ, ನೆಂಟು ಕೂಡಿಬರುವುದಿಲ್ಲ ಅಂತ. ಅಲ್ಲಿ ಪಾಚಿ ಒಳ್ಳೆಯದು. ಈಗ ಹಲವರಿಗೆ ಪಾಚಿ ಅಂದರೆ ಜಡತನ, ಉರುಳುತ್ತಿದ್ದರೆ ತುಕ್ಕು ಹಿಡಿಯುವುದಿಲ್ಲ ಅಂತ ಹೊಗಳಿಕೆ. ಮಳೆಗಾಲದಲ್ಲಿ ಅಂಗಳದ ಪಾಚಿ ಮೇಲೆ ಜಾರಿ ಬಿದ್ದ ಮಲೆನಾಡಿನವರು ಯಾವ ಪಕ್ಷ ಅಂತ ಹೇಳಬೇಕಾಗಿಲ್ಲ.

ಇದರ ಜೊತೆ ಒಂದು ಎಚ್ಚರಿಕೆ. "ಬ್ಲಡ್ ಈಸ್ ಥಿಕರ್ ದ್ಯಾನ್ ವಾಟರ್" ಗಾದೆಯ ಪೂರ್ತಿ ರೂಪ ಬೇರೆಯೇ ಇತ್ತು, ಒಡಂಬಡಿಕೆಯ ರಕ್ತ ಗರ್ಭದ ನೀರಿಗಿಂತ ಗಟ್ಟಿ ಅಂತಿತ್ತು, ಹಾಗಾಗಿ ಅರ್ಥ ಉಲ್ಟಾ ಅಂತ ವಾಟ್ಸಾಪಿನಲ್ಲಿ ಬರುತ್ತಿರುತ್ತದೆ. ಹಳೆಯ ಇಂಗ್ಲಿಷ್ ಬರಹಗಳಲ್ಲಿ ಇದಕ್ಕೆ ಆಧಾರ ಇಲ್ಲ. ರಕ್ತಸಂಬಂಧವೇ ಹೆಚ್ಚು ಅನ್ನುವುದೇ ಹಳೆಯ ಅರ್ಥ. ಫಾರ್ವರ್ಡ್ ಮಾಡಬೇಡಿ.

"ಎಕ್ಸೆಪ್ಶನ್ ಪ್ರೂವ್ಸ್ ದಿ ರೂಲ್" ಅಂತಾರೆ. ನಿಯಮಕ್ಕೆ ಹೊಂದದ್ದು ಸಿಕ್ಕರೆ ನಿಯಮ ಮುರಿಯಿತು ಅಂತ ತಾನೇ ಆಗಬೇಕು?

ನಿಮ್ಮ ತರ್ಕ ಸರಿ, ಗಾದೆಯನ್ನು ಬಳಸುವವರೇ ತಪ್ಪಾಗಿ ಬಳಸುತ್ತಾರೆ. ಇದು ಕಾನೂನಿನಿಂದ ಬಂದ ಮಾತು, ಬೇರು ಹಳೆಯ ರೋಮಿನ ವಕೀಲ ಸಿಸಿರೋ ಕ್ರಿ.ಪೂ. 56ರಲ್ಲಿ ಮಾಡಿದ ಒಂದು ವಾದದಲ್ಲಿದೆ. "ಭಾನುವಾರ ಪಾರ್ಕಿಂಗ್ ಉಚಿತ" ಅಂತ ಬೋರ್ಡ್ ಇದ್ದರೆ ಉಳಿದ ದಿನ ದುಡ್ಡು ಕೊಡಬೇಕು ಅಂತ ಗೊತ್ತಾಗುತ್ತದೆ. ಬೋರ್ಡಿನಲ್ಲಿ ನಿಯಮ ಬರೆದಿಲ್ಲ, ವಿನಾಯಿತಿ ಬರೆದಿದ್ದಾರೆ, ಅದರಿಂದಲೇ ನಿಯಮ ಇದೆ ಅಂತ ಸಾಬೀತಾಯಿತು. ವಾದದಲ್ಲಿ ಸೋಲುವಾಗ ತಪ್ಪಿಸಿಕೊಳ್ಳಲು ಇದನ್ನು ಎಸೆಯುವವರಿಗೆ ಆ ಬೋರ್ಡ್ ತೋರಿಸಿ.

ಕನ್ನಡದಲ್ಲಿ ಇಂಥದ್ದು ಇಲ್ವಾ?

ಯಾಕಿಲ್ಲ. ಹೊರಡುವಾಗ ನಾವು "ಬರ್ತೀನಿ" ಅನ್ನುತ್ತೇವೆ. ಬಾಗಿಲ ಕಡೆ ಹೋಗುತ್ತಾ ಬರ್ತೀನಿ ಅನ್ನುವುದನ್ನು ಕೇಳಿ, ಕನ್ನಡ ಕಲಿಯುತ್ತಿರುವವರು ಮತ್ತೆ ಕುರ್ಚಿ ಎಳೆದು ಕೂರುತ್ತಾರೆ. "ಹೋಗ್ತೀನಿ" ಅಂತ ನೇರವಾಗಿ ಅಂದರೆ ನಮ್ಮ ಹಿರಿಯರಿಗೆ ಅಪಶಕುನ. ಅದನ್ನೇ ಇಂಗ್ಲಿಷ್‌ಗೆ ತಂದು "ಐ ವಿಲ್ ಗೋ ಅಂಡ್ ಕಮ್" ಅಂದರೆ ಹೊರಗಿನವರು ನೀವು ಹತ್ತು ನಿಮಿಷದಲ್ಲಿ ವಾಪಸ್ ಬರುತ್ತೀರಿ ಅಂತ ಕಾಯುತ್ತಾರೆ.

ಅರ್ಥ ಆಗಲಿಲ್ಲ ಅಂತ ಕೇಳಿದರೆ ಇಂಗ್ಲಿಷ್ ಬರಲ್ಲ ಅಂದುಕೊಳ್ಳುತ್ತಾರೆ ಅಂತ ಭಯ. ಹೇಗೆ ಕೇಳಲಿ?

ಅರ್ಥ ಏನು ಅಂತ ಕೇಳಬೇಡಿ, ನೀವು ತಿಳಿದದ್ದನ್ನು ಹೇಳಿ ಹೌದಾ ಅಂತ ಕೇಳಿ. "ಜಸ್ಟ್ ಟು ಕನ್ಫರ್ಮ್, ಮಂಡೇ ದಿ ಟ್ವೆಲ್ತ್, ರೈಟ್?" ಇಷ್ಟೇ ಸಾಕು. ಟೇಬಲ್ ಮಾಡೋಣ ಅಂದರೆ "ಸೋ ವಿ ಡಿಸ್ಕಸ್ ಇಟ್ ಟುಡೇ?" ಅಂತ ಕೇಳಿ. ಹೀಗೆ ಕೇಳುವವರನ್ನು ಕೆಲಸ ಗೊತ್ತಿರುವವರು ಅಂತಲೇ ನೋಡುತ್ತಾರೆ, ಯಾಕಂದರೆ ಸೋಮವಾರ ಖಾಲಿ ಕೋಣೆಯಲ್ಲಿ ಕೂತು ಬಂದ ಅನುಭವ ಅವರಿಗೂ ಇರುತ್ತದೆ. ಬರೆದು ಕೇಳುವುದಾದರೆ ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯಿರಿ. 03/04 ಅಂತ ಬರೆದರೆ ನಮಗೆ ಏಪ್ರಿಲ್ ಮೂರು, ಅಮೆರಿಕದವರಿಗೆ ಮಾರ್ಚ್ ನಾಲ್ಕು.